ಕಾಲು ಪಾಲು ನೀರು

ಫ್ರಿಜ್ ತೆರೆದ ಮಾವನವರು ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟರು. ಒಳಗೆ ಪಾತ್ರೆ ತುಂಬ ಗಟ್ಟಿ ಮೊಸರು, ಮೇಲೆ ದಪ್ಪನೆಯ ಕೆನೆ. "ಏನವಾ, ದಧಿವ್ರತ ಅದ, ನೆನಪದನೋ ಇಲ್ಲೋ?"

ನೆನಪಿಲ್ಲದೆ ಏನು! ತಿಂಗಳಿಡೀ ಮೊಸರು ಬಿಡುವ ವ್ರತ. ಪಂಚಾಂಗ ಅವರ ಕೋಣೆಯಲ್ಲಿದ್ದರೂ ವ್ರತ ನಡೆಯುವುದು ನನ್ನ ಒಲೆಯ ಮೇಲೆ. ಚಾತುರ್ಮಾಸ್ಯವೆಂದರೆ ಮಳೆಗಾಲದ ನಾಲ್ಕು ತಿಂಗಳ ವ್ರತ; ಸನ್ಯಾಸಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲಬೇಕಂತೆ. ಅಡುಗೆಮನೆಯವರಿಗೆ ಅದೇನು ಹೊಸದೇ? ಆಷಾಢ ಏಕಾದಶಿಯಿಂದ ಒಂದು ತಿಂಗಳು ತರಕಾರಿ, ಹುಣಸೆ, ಮೆಣಸಿನಕಾಯಿ ಬಂದ್. ಹೆಸರುಬೇಳೆಗೆ ಕಾಳುಮೆಣಸು ಕುಟ್ಟಿ ಹಾಕಿ ಮಾಡಿದ ಸಾರನ್ನು ಮಾವನವರು ಮೂರು ಸಲ ಹಾಕಿಸಿಕೊಂಡರು. ನಾಲಿಗೆ ಗೆಲ್ಲಲು ಹೊರಟ ವ್ರತ ಅದು!

ಈಗ ಶ್ರಾವಣದ ಏಕಾದಶಿ ಕಳೆದು ಮೊಸರಿಗೆ ಕತ್ತರಿ ಬಿದ್ದಿದೆ. ಆದರೆ ಮಜ್ಜಿಗೆ ನಡೆಯುತ್ತದೆ. ಹಾಗಾದರೆ ಮೊಸರು ಮಜ್ಜಿಗೆಯಾಗುವುದು ಯಾವಾಗ? ನೀರು ಹಾಕಿ ಅಲ್ಲಾಡಿಸಿದರೆ ಆಯಿತು ಎಂದರು ಮಾವನವರು. ಸೌಟಿನಷ್ಟು ಮೊಸರಿಗೆ ಚಮಚದಷ್ಟು ನೀರು ಅವರ ಲೆಕ್ಕ. ಫೋನಿನಲ್ಲಿ ಧಾರವಾಡದ ಸಣ್ಣ ಮಾವನವರು ಸಿಡುಕಿದರು: "ಕಡದು ಬೆಣ್ಣಿ ತಗೀಲಿಲ್ಲಂದ್ರ ಅದು ಮಜ್ಜಿಗಿ ಹೆಂಗ ಆಗ್ತದ?" ವಾದ ಬಿಸಿಯೇರಿ ಅಮರಕೋಶಕ್ಕೆ, ಅಂದರೆ ಅಮರಸಿಂಹ ಬರೆದ ಹಳೆಯ ಸಂಸ್ಕೃತ ನಿಘಂಟಿಗೆ ಹೋಯಿತು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದನ್ನು ಸಣ್ಣ ಮಾವನವರು ಒಪ್ಪಿಸಿಯೇಬಿಟ್ಟರು: ಕಾಲು ಪಾಲು ನೀರಿದ್ದರೆ ತಕ್ರ, ಅರ್ಧ ನೀರಿದ್ದರೆ ಉದಶ್ವಿತ್, ನೀರೇ ಹಾಕದೆ ಕಡೆದರೆ ಮಥಿತ. ಅಲ್ಲೇ ಕೆಟ್ಟಿತು. ಮಾವನವರು ಕೊನೆಯದನ್ನು ಗಪ್ಪನೆ ಹಿಡಿದುಕೊಂಡರು. ನೀರೇ ಬೇಡ ಅಂದಮೇಲೆ ಮುಗಿಯಿತಲ್ಲ! ನನ್ನ ಗಂಡ ನಡುವೆ ಬಾಯಿ ಹಾಕಿ, ಮಿಕ್ಸರ್‌ನಲ್ಲಿ ಒಂದು ಸುತ್ತು ತಿರುಗಿಸಿದರೆ ಕಡೆದ ಹಾಗೆಯೇ ಅಲ್ಲವೇ ಎಂದರು. ಅರ್ಧ ಗಂಟೆ ಶಾಸ್ತ್ರಾರ್ಥ ನಡೆಯಿತು. ಈ ಮೂವರಲ್ಲಿ ಒಬ್ಬರೂ ಕಡಗೋಲು ಹಿಡಿದವರಲ್ಲ.

ಅತ್ತೆಯವರು ಅಷ್ಟೂ ಹೊತ್ತು ಮೊಮ್ಮಗಳ ಡಬ್ಬಿಗೆ ಮೊಸರನ್ನ ಕಲಸುತ್ತಿದ್ದರು. ಕೈ ತೊಳೆಯುತ್ತಾ ಕೇಳಿದರು: "ಅಮರಸಿಂಹನ ಹೆಂಡತೀನ್ನ ಯಾರರ ಕೇಳ್ಯಾರೇನು?"

ಫೋನು ಇಟ್ಟಾಯಿತು. ಅಂದು ಊಟಕ್ಕೆ ನೀರು ಮಜ್ಜಿಗೆಯನ್ನೇ ಬಡಿಸಿದೆ, ಇಂಗು ಹಾಕಿ. ಯಾರೂ ಮಾತಾಡಲಿಲ್ಲ.

ಮುಂದಿನ ತಿಂಗಳು ಕ್ಷೀರವ್ರತ, ಹಾಲು ಇಲ್ಲ. ಕಾಫಿಯ ಬಗ್ಗೆ ಅಮರಕೋಶದಲ್ಲಿ ಏನೂ ಇಲ್ಲವಂತೆ. ಸಣ್ಣ ಮಾವನವರು ಬೇರೆ ಗ್ರಂಥ ಹುಡುಕುತ್ತಿದ್ದಾರೆ.