ಫೆನೀಲ್ಯಾದ ಪೈನ್ ಕಾಡಿಗೆ ಇನ್ನೂ ನಾಲ್ಕು ಸಾಲು ಬೇಕಿತ್ತು

ಇಟಲಿಯ ಒರ್ಬೆತೆಲ್ಲೊ ಲಗೂನ್ (ಸಮುದ್ರದ ಅಂಚಿನ ಉಪ್ಪುನೀರಿನ ಸರೋವರ) ಸುತ್ತ ಸೈಕಲ್ ತುಳಿದ ನಿಮ್ಮ ಲೇಖನ ಓದಿ ಖುಷಿಯಾಯಿತು. ಆದರೆ ಫೆನೀಲ್ಯಾ ಮರಳುಪಟ್ಟಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಸವಾರಿಯ ಜೀವಾಳವೇ ಅದು ಅಲ್ವಾ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಲಗೂನ್, ನಡುವೆ ಸುಮಾರು 6 ಕಿ.ಮೀ. ಉದ್ದದ ಪೈನ್ ಕಾಡು. ಮರಳು ಹಾರಿ ಬರದಿರಲಿ ಅಂತ 20ನೇ ಶತಮಾನದ ಶುರುವಿನಲ್ಲಿ ನೆಟ್ಟ ಮರಗಳು. ಕಾರುಗಳಿಗೆ ಪ್ರವೇಶವಿಲ್ಲ, ಏರು ಇಲ್ಲ, ಮಕ್ಕಳೂ ಆರಾಮಾಗಿ ತುಳಿಯಬಹುದು.

ನಾವು ಅಕ್ಟೋಬರ್‌ನಲ್ಲಿ ಹೋಗಿದ್ದೆವು. ಒಣಗಿದ ಪೈನ್ ಎಲೆ ಚಕ್ರದಡಿ ಚರಚರ ಅನ್ನುತ್ತಿತ್ತು. ಒಂದು ತಿರುವಿನಲ್ಲಿ ಜಿಂಕೆಯೊಂದು ದಾರಿ ಮಧ್ಯೆ ನಿಂತು, ಕಿವಿ ಮಾತ್ರ ಅಲ್ಲಾಡಿಸುತ್ತಾ ನಮ್ಮನ್ನೇ ನೋಡಿತು. ಮಗಳು ಬ್ರೇಕ್ ಹಿಡಿದು ಉಸಿರನ್ನೂ ಬಿಗಿಹಿಡಿದಿದ್ದಳು. ಆಚೆ ಲಗೂನ್‌ನಲ್ಲಿ ಫ್ಲೆಮಿಂಗೊಗಳು ತಲೆ ಮುಳುಗಿಸಿ ಮೇಯುತ್ತಿದ್ದವು.

ಒರ್ಬೆತೆಲ್ಲೊ ಊರಿನಿಂದ ಅರ್ಜೆಂತಾರಿಯೊ ಬೆಟ್ಟದ ಕಡೆಗೆ ನೀರಿನ ಮಧ್ಯೆಯೇ ಹೋಗುವ ಕಟ್ಟೆರಸ್ತೆಯಲ್ಲಿ ಗಾಳಿ ಜಾಸ್ತಿ. ಬೆಳಿಗ್ಗೆಯೇ ದಾಟಿಬಿಡಿ. ನೀರಿನಲ್ಲಿ ಒಂಟಿಯಾಗಿ ನಿಂತಿರುವ ಹಳೇ ಗಾಳಿಗಿರಣಿ ಅಲ್ಲೇ ಹತ್ತಿರ.

ಇನ್ನೊಂದು ಮಾತು. 2024ರ ಬೇಸಿಗೆಯಲ್ಲಿ ಈ ಲಗೂನ್‌ನಲ್ಲಿ ನೀರು ಬಿಸಿಯೇರಿ, ಆಮ್ಲಜನಕ ಕಡಿಮೆಯಾಗಿ ಟನ್‌ಗಟ್ಟಲೆ ಮೀನು ಸತ್ತವು. ಮಲೆಟ್ ಮೀನಿನ ಮೊಟ್ಟೆ ಉಪ್ಪುಹಾಕಿ ಒಣಗಿಸಿ ಬೊತ್ತಾರ್ಗಾ ಮಾಡುವ ಮೀನುಗಾರರ ಬದುಕು ಈ ನೀರಿನ ಮೇಲೇ ನಿಂತಿದೆ. ಅವರ ಬಗ್ಗೆಯೂ ದಯವಿಟ್ಟು ಬರೆಯಿರಿ.