ದುರ್ಗದ ಕೋಟೆ ಹತ್ತಿದವರು ಹೊಂಡಗಳನ್ನೂ ನೋಡಿ ಬನ್ನಿ

ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿ ಹತ್ತಿರ ನಿಲ್ಲುತ್ತಾರೆ. ಒಬ್ಬರು ಕಿಂಡಿಯಲ್ಲಿ ನುಸುಳಿ ಬರುತ್ತಾರೆ, ಇನ್ನೊಬ್ಬರು ಒನಕೆ ಹಿಡಿದವರ ಹಾಗೆ ಕೈ ಎತ್ತುತ್ತಾರೆ, ಫೋಟೊ ಆಗುತ್ತದೆ. ಆಗಲಿ, ಆ ತಾಯಿಗೆ ಎಷ್ಟು ಗೌರವ ಕೊಟ್ಟರೂ ಕಮ್ಮಿಯೇ. ಆದರೆ ಅವಳು ಅಲ್ಲಿಗೆ ಬಂದದ್ದಾದರೂ ಯಾಕೆ? ಕಾವಲು ಕಾಯುವ ಗಂಡ ಊಟಕ್ಕೆ ಕೂತಿದ್ದ, ಮನೆಯಲ್ಲಿ ನೀರಿರಲಿಲ್ಲ, ಕೊಡ ಹಿಡಿದು ತಣ್ಣೀರು ದೋಣಿಗೆ, ಅಂದರೆ ಬಂಡೆಯ ನಡುವೆ ನೀರು ನಿಲ್ಲುವ ಸಣ್ಣ ಹೊಂಡಕ್ಕೆ, ಬಂದಳು. ನಮಗೆ ಒನಕೆ ನೆನಪಿದೆ, ಕೊಡ ಮರೆತೇಹೋಗಿದೆ. ಕಿಂಡಿಯ ಹತ್ತಿರವೇ ಇರುವ ಆ ದೋಣಿಯ ಕಡೆ ತಿರುಗಿ ನೋಡುವವರೂ ಕಡಿಮೆ.

ಏಳು ಸುತ್ತಿನ ಗೋಡೆಯಷ್ಟೇ ನೀರೂ ಈ ಕೋಟೆಯನ್ನು ಕಾಪಾಡಿದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮಳೆ ಕಮ್ಮಿ ಬೀಳುವ ಬಯಲುಸೀಮೆ, ಎತ್ತ ನೋಡಿದರೂ ಬಂಡೆ. ಹೈದರಾಲಿಯ ದಂಡು ಬಂದು ಕೆಳಗೆ ಬೀಡುಬಿಟ್ಟರೆ ಒಳಗಿದ್ದ ಸೈನಿಕರು, ಹೆಂಗಸರು, ಮಕ್ಕಳು, ದನಕರು, ಕುದುರೆ ಏನು ಕುಡಿಯಬೇಕಿತ್ತು?

ಅದಕ್ಕೆ ಉತ್ತರ ಮೇಲಿನ ಗೋಪಾಲಸ್ವಾಮಿ ಹೊಂಡದಲ್ಲಿದೆ. ಕಾದ ಬಂಡೆಗಳ ಮೇಲೆ ಸುರಿದ ಮಳೆ ಒಂದು ಹನಿಯೂ ಇಂಗದೆ ಜಾರಿ ಅಲ್ಲಿಗೆ ಬಂದು ಸೇರುತ್ತದೆ. ಅದು ತುಂಬಿ ಕೋಡಿ ಬಿದ್ದರೆ ಅಕ್ಕ-ತಂಗಿ ಹೊಂಡ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಆಮೇಲೆ ಪೇಟೆಯ ಸಂತೆ ಹೊಂಡ. ಮೇಲಿನವರು ಕುಡಿದು ಮಿಕ್ಕಿದ್ದು ಊರಿನವರ ಪಾಲಿಗೆ! ಪಂಪಿಲ್ಲ, ಪೈಪಿಲ್ಲ, ಇಳಿಜಾರೊಂದನ್ನೇ ನಂಬಿ ಮಾಡಿದ ಕೆಲಸ. 1779ರಲ್ಲಿ ಕೋಟೆ ಹೈದರನ ಕೈಸೇರಿ ಮದಕರಿನಾಯಕ ಸೆರೆಯಾದಾಗ ಅವನ ರಾಣಿಯರು ಹಾರಿದ್ದು ಇದೇ ಅಕ್ಕ-ತಂಗಿ ಹೊಂಡಕ್ಕೆ ಅಂತ ಜನ ಇವತ್ತಿಗೂ ಹೇಳುತ್ತಾರೆ.

ಈ ಬುದ್ಧಿ ನಾಯಕರ ಕಾಲಕ್ಕೂ ಹಿಂದಿನದು. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆಶಾಸನ ಇದೆ, 4ನೇ ಶತಮಾನದ್ದು, ಪ್ರಾಕೃತದಲ್ಲಿದೆ. ರಾಜ ಅಲ್ಲಿ ಬರೆಸಿದ್ದು ಕೆರೆ ಕಟ್ಟಿಸಿದ ಸುದ್ದಿ. ದುರ್ಗದ ನಾಯಕ ಮನೆತನದ ಮೊದಲಿಗ ತಿಮ್ಮಣ್ಣ ನಾಯಕ ದುರ್ಗಕ್ಕೆ ಬರುವ ಹೊತ್ತಿಗೆ ಆ ಶಾಸನಕ್ಕೆ ಸಾವಿರ ವರ್ಷ ದಾಟಿತ್ತು.

ಇಷ್ಟೆಲ್ಲ ಇದ್ದೂ ಹೊಂಡದಲ್ಲಿ ನೀರಿನ ಬಾಟಲಿ ತೇಲುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ತೋರಿಸುವ ದೊಡ್ಡದೊಂದು ನಕಾಶೆ ಬಾಗಿಲಲ್ಲೇ ಇರಬೇಕು. ಶಾಲೆ ಮಕ್ಕಳನ್ನು ಕಿಂಡಿಯಿಂದಲೇ ವಾಪಸ್ ಕರೆದುಕೊಂಡು ಹೋಗುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಇನ್ನೊಂದು ಅರ್ಧ ಗಂಟೆ ಇಟ್ಟುಕೊಳ್ಳಿ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಹೋಗಿ, ಗೋಪಾಲಸ್ವಾಮಿ ಹೊಂಡದಿಂದ ಶುರು ಮಾಡಿ, ಕೋಡಿ ಹರಿಯುವ ದಿಕ್ಕನ್ನು ಮಕ್ಕಳೇ ಹುಡುಕಲಿ. ಇಳಿದ ಮೇಲೆ ಬಸ್ಸು ಹತ್ತುವ ಮುಂಚೆ ಸಂತೆ ಹೊಂಡಕ್ಕೂ ಕರೆದುಕೊಂಡು ಹೋಗಿ.