ಹಲ್ಲು ಬಂತಾ, ನಡೀತಾಳಾ, ಎಷ್ಟು ಕೆಜಿ?

ಒಂದು ನಾಮಕರಣದ ಊಟ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಹೊಟ್ಟೆ ತುಂಬಿದೆ, ತಲೆ ಕೆಟ್ಟಿದೆ. ತೊಟ್ಟಿಲಲ್ಲಿದ್ದ ಕೂಸಿನ ಪಾಡಿಗೆ ಅದಿತ್ತು. ಪಂಕ್ತಿಯಲ್ಲಿ ನನ್ನ ಎದುರಿಗೇ, 11 ತಿಂಗಳ ಇನ್ನೆರಡು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಪಂದ್ಯ ನಡೆದಿತ್ತು.

"ನಿಮ್ಮವಳು ಇನ್ನೂ ನಿಲ್ಲಲ್ವೇನ್ರೀ? ನಮ್ಮೋನು ಒಂಬತ್ತಕ್ಕೇ ಗೋಡೆ ಹಿಡ್ಕೊಂಡು ಓಡಾಡ್ದ. ಹಲ್ಲು? ಎರಡೇನಾ? ಎಷ್ಟು ಕೆಜಿ ಇದ್ದಾಳೆ?"

ಆ ತಾಯಿ ಹಪ್ಪಳ ಮುರಿಯುತ್ತಾ ತಲೆ ತಗ್ಗಿಸಿದರು. ಅಷ್ಟರಲ್ಲಿ ಮಡಿಲಲ್ಲಿದ್ದ ಆ ಹುಡುಗಿ ಏನು ಮಾಡಿದಳು ಗೊತ್ತಾ? ಪಾಯಸದ ಬಕೆಟ್ ಹಿಡಿದು ಬರುತ್ತಿದ್ದವರ ಕಡೆ ತೋರುಬೆರಳು ಚಾಚಿದಳು. ತಿರುಗಿ ಅಮ್ಮನ ಮುಖ ನೋಡಿದಳು. ಮತ್ತೆ ಬಕೆಟ್ ಕಡೆ ಬೆರಳು. ಇಡೀ ಪಂಕ್ತಿಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಬೆರಳಿಗೇನು ತೂಕವೇ, ಫೋಟೋ ಹಾಕಿ ಲೈಕ್ ತಗೊಳ್ಳೋಕೆ?

ಮಕ್ಕಳ ಬೆಳವಣಿಗೆ ನೋಡೋದೇ ನನ್ನ ಕೆಲಸ ಅಂತ ಇಲ್ಲಿರುವವರಿಗೆ ಗೊತ್ತು. ಗೊತ್ತಿದ್ದೂ ಇಂಥ ಕಡೆ ಬಾಯಿ ಬಿಡದೆ ಪಾಯಸ ಕುಡಿದು ಎದ್ದು ಬರುವ ಹೇಡಿ ನಾನು ಅನ್ನೋದೂ ಗೊತ್ತು. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ಮಕ್ಕಳನ್ನು ಹೋಲಿಸ್ತಾರಲ್ಲ ಅನ್ನೋದು ನನ್ನ ತಕರಾರಲ್ಲ. ಹೋಲಿಸೋದೆಲ್ಲ ಬೇಡದ್ದನ್ನೇ ಅನ್ನೋದು ತಕರಾರು. ನಡಿಗೆ, ಹಲ್ಲು, ತೂಕ. ಎರಡು ಮಕ್ಕಳ ನಡುವೆ ಅತಿ ಹೆಚ್ಚು ಅಂತರ ಇರೋದು ಇವುಗಳಲ್ಲೇ, ಆ ಅಂತರಕ್ಕೆ ಅರ್ಥ ಕಡಿಮೆ ಇರೋದೂ ಇವುಗಳಲ್ಲೇ. ನೋಡಲೇಬೇಕಾದದ್ದನ್ನು ಒಬ್ಬರೂ ಕೇಳಲ್ಲ.

ಮೊದಲು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಲೆಕ್ಕ ಕೊಟ್ಟಿದೆ. ಘಾನಾ, ನಾರ್ವೆ, ಓಮನ್, ಅಮೆರಿಕ, ಜೊತೆಗೆ ನಮ್ಮ ದೆಹಲಿಯ ಮಕ್ಕಳು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ. ಏನನ್ನೂ ಹಿಡಿಯದೆ ನಿಲ್ಲುವುದು 6.9ರಿಂದ 16.9. ಸ್ವಂತವಾಗಿ ನಡೆಯುವುದು 8.2ರಿಂದ 17.6. ಇನ್ನೊಮ್ಮೆ ಓದಿ: ಎಂಟರಿಂದ ಹದಿನೇಳೂವರೆ. ಒಂಬತ್ತು ತಿಂಗಳಿಗೆ ನಡೆದವನೂ ಹದಿನಾರಕ್ಕೆ ನಡೆದವಳೂ ಒಂದೇ ಅಂಗಳದವರು. ಪಂಕ್ತಿಯಲ್ಲಿದ್ದ ಆ ಹುಡುಗಿಗೆ ನಿಲ್ಲುವುದಕ್ಕೇ ಇನ್ನೂ ಸುಮಾರು ಆರು ತಿಂಗಳು ಬಾಕಿ ಇದೆ.

ಅಂಬೆಗಾಲಿನ ಕತೆ ಇನ್ನೂ ಮಜ. ಅದೇ ಅಧ್ಯಯನದಲ್ಲಿ ಶೇ. 4.3 ಮಕ್ಕಳು ಕೈ-ಮೊಣಕಾಲಿನ ಮೇಲೆ ಅಂಬೆಗಾಲು ಇಡಲೇ ಇಲ್ಲ. ಕುಂಡೆಯಲ್ಲೇ ತೆವಳಿ ನೇರ ಎದ್ದು ನಿಲ್ಲುವ ಮಕ್ಕಳಿದ್ದಾರೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಮಕ್ಕಳ ಬೆಳವಣಿಗೆ ಹಂತಗಳ ತನ್ನ ಪಟ್ಟಿ ಪರಿಷ್ಕರಿಸಿದಾಗ ಅಂಬೆಗಾಲನ್ನೇ ಕೈಬಿಟ್ಟಿತು. ನಮ್ಮಲ್ಲಿ ಮಾತ್ರ "ಅಂಬೆಗಾಲು ಇಡದಿದ್ರೆ ಮುಂದೆ ಲೆಕ್ಕ ತಲೆಗೆ ಹತ್ತಲ್ಲ" ಅನ್ನುವ ಫಾರ್ವರ್ಡ್ ಓಡಾಡುತ್ತಲೇ ಇದೆ.

ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು ಮಾಡಿದ ಒಂದು ಚಾರ್ಟ್ ಇದೆ. ಎರಡು ವರ್ಷದವರೆಗಿನ ಮಕ್ಕಳಿಗೆ ಬರೀ 17 ಅಂಶ. ಒಂದೊಂದು ಅಂಶಕ್ಕೂ ಒಂದು ಅಡ್ಡಪಟ್ಟಿ. ಪಟ್ಟಿಯ ಎಡತುದಿ ಅಂದರೆ ನೂರಕ್ಕೆ ಮೂರು ಮಕ್ಕಳು ಅದನ್ನು ಮಾಡುವ ವಯಸ್ಸು, ಬಲತುದಿ ಅಂದರೆ ತೊಂಬತ್ತೇಳು ಮಕ್ಕಳು ಮಾಡಿ ಮುಗಿಸುವ ವಯಸ್ಸು. ಮಗುವಿನ ವಯಸ್ಸಿಗೆ ಒಂದು ಗೆರೆ ಎಳೆಯಿರಿ. ಗೆರೆಯ ಎಡಕ್ಕೆ ಪೂರ್ತಿ ಮುಗಿದುಹೋದ ಪಟ್ಟಿಯಲ್ಲಿ ಮಗು ಹಿಂದುಳಿದಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ. ಪಕ್ಕದ ಮನೆಯವರು ಎಲ್ಲಿದ್ದಾರೆ ಅಂತ ಗುರುತು ಹಾಕೋಕೆ ಆ ಚಾರ್ಟಿನಲ್ಲಿ ಜಾಗವೇ ಇಲ್ಲ, ಅದೇ ಅದರ ಚೆಂದ.

ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ತಾಯಂದಿರ ಪಾಡಂತೂ ಕೇಳಲೇಬೇಡಿ. 32 ವಾರಕ್ಕೆ ಹುಟ್ಟಿದ ಮಗು ಎಂಟು ವಾರ ಮುಂಚೆ ಬಂದಿದೆ. ಇವತ್ತು ಅದಕ್ಕೆ ಹತ್ತು ತಿಂಗಳಾದರೆ ಬೆಳವಣಿಗೆಯ ಲೆಕ್ಕಕ್ಕೆ ಎಂಟೇ. ಎರಡು ವರ್ಷ ತುಂಬುವವರೆಗೂ ಹೀಗೆ ಕಳೆದೇ ನೋಡಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ, ಅಲ್ಲಿ ಕಳೆಯೋ ಹಾಗಿಲ್ಲ. ಇಷ್ಟು ವಿವರಿಸಿದ ಮೇಲೂ ಅತ್ತೆಮನೆ ಕಡೆಯವರು "ಆದ್ರೂ ಹತ್ತು ತಿಂಗಳಾಯ್ತಲ್ಲ" ಅಂತಾರೆ. ಆಗ ಎದ್ದು ಹೋಗಿ ನೀರು ಕುಡಿಯಿರಿ.

ಹಲ್ಲಿನ ಬಗ್ಗೆ ಎರಡೇ ಮಾತು. ಕೆಲವರಿಗೆ ನಾಲ್ಕು ತಿಂಗಳಿಗೆ, ಕೆಲವರಿಗೆ ಹುಟ್ಟುಹಬ್ಬ ಕಳೆದ ಮೇಲೆ. ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ.

ತೂಕಕ್ಕೆ ಬರೋಣ, ಜಗಳ ಹೆಚ್ಚು ಇರೋದು ಇಲ್ಲೇ. ಒಂದು ವರ್ಷದ ಹೆಣ್ಣುಮಗುವಿನ ಮಧ್ಯದ ತೂಕ 8.9 ಕೆಜಿ, ಗಂಡಿಗೆ 9.6. ಆದರೆ ಹೆಣ್ಣಿಗೆ 7ರಿಂದ 11.5ರವರೆಗೂ ಸರಿಯೇ. ಈ ನಾಲ್ಕೂವರೆ ಕೆಜಿ ಅಗಲದ ಹಾದಿಯಲ್ಲಿ ಎಲ್ಲಿ ಬೇಕಾದರೂ ಮಗು ನಡೆಯಬಹುದು. ಅದು ತನ್ನ ಗೆರೆಗೆ ಸಮಾನಾಂತರವಾಗಿ ಏರುತ್ತಿದೆಯೋ, ಚಪ್ಪಟೆಯಾಗಿದೆಯೋ, ಅಷ್ಟೇ ಪ್ರಶ್ನೆ. ತಾಯಿ ಕಾರ್ಡಿನ ಒಳಗೆ ತೂಕ ಗುರುತು ಹಾಕುವ ಹಸಿರು, ಹಳದಿ, ಕಿತ್ತಳೆ ಪಟ್ಟಿಯ ಪುಟ ಇದೆ ನೋಡಿ, ಎಷ್ಟೋ ಮನೆಗಳಲ್ಲಿ ಲಸಿಕೆ ಪುಟ ತುಂಬಿರುತ್ತೆ, ಈ ಪುಟ ಹೊಸದಾಗೇ ಇರುತ್ತೆ. ಹಸಿರಿನ ಕೆಳ ಅಂಚಿನಲ್ಲೇ ಹುಟ್ಟಿ ಅಲ್ಲೇ ಏರುತ್ತಿರುವ ಮಗು ಆರಾಮಾಗಿದೆ. ಹಸಿರಿನ ನಡುವೆ ಇದ್ದು ಮೂರು ತಿಂಗಳಿಂದ ಚಪ್ಪಟೆಯಾದ ಮಗುವಿನ ಬಗ್ಗೆ ಚಿಂತೆ ಮಾಡಬೇಕು. ಆದರೆ ಪಂಕ್ತಿಯಲ್ಲಿ ಬೈಸಿಕೊಳ್ಳೋದು ಮೊದಲನೆಯ ಮಗುವಿನ ತಾಯಿ!

ತೂಕ ನೋಡುವ ರೀತಿಯೂ ಹಾಗೇ. ಒಂದು ಸಲ ಕ್ಲಿನಿಕ್ಕಿನ ಡಿಜಿಟಲ್ ತಕ್ಕಡಿ, ಇನ್ನೊಂದು ಸಲ ಅಂಗನವಾಡಿಯ ತೂಗುಹಾಕುವ ತಕ್ಕಡಿ, ಮಧ್ಯೆ ಅಪ್ಪ ಮಗುವನ್ನು ಎತ್ತಿಕೊಂಡು ಬಾತ್‌ರೂಮಿನ ತಕ್ಕಡಿ ಹತ್ತಿದ ಸಾಹಸ. ತೂಗುತಕ್ಕಡಿಯಲ್ಲಿ ಒಂದೊಂದು ಗೆರೆಯೂ 100 ಗ್ರಾಂ, ಮಗು ಕಾಲು ಒದೆಯುವಾಗ ಮುಳ್ಳು ಎರಡು ಗೆರೆ ಆಚೀಚೆ ಕುಣಿಯುತ್ತೆ. ಉಚ್ಚೆ ತುಂಬಿದ ಡೈಪರ್, ಸ್ವೆಟರ್, ಬೆಳ್ಳಿ ಗೆಜ್ಜೆ, ಈಗಷ್ಟೇ ಕುಡಿದ ಹಾಲು ಸೇರಿದರೆ ಕಾಲು ಕೆಜಿ ಸುಮ್ಮನೆ ಬರುತ್ತೆ. ಒಂದೇ ತಕ್ಕಡಿ, ಬಟ್ಟೆ ಬಿಚ್ಚಿ, ಹಾಲಿಗೆ ಮುಂಚೆ, ತಿಂಗಳಿಗೊಮ್ಮೆ. ದಿನಾ ತೂಗಿದರೆ ಬಿಪಿ ಏರೋದು ನಿಮ್ಮದು.

ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಇಳಿಯುತ್ತೆ, ನೂರಕ್ಕೆ ಏಳೆಂಟರಷ್ಟು. ಮೂರು ಕೆಜಿ ಇದ್ದದ್ದು 2.8ಕ್ಕೆ ಬಂತು ಅಂತ ಐದನೇ ದಿನಕ್ಕೇ ಬಾಟಲಿ ಹಿಡಿಸುವವರಿದ್ದಾರೆ. ಎರಡು ವಾರದಲ್ಲಿ ಅದು ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಬರದಿದ್ದರೆ ಎದೆಗೆ ಹಿಡಿಸುವ ರೀತಿಯನ್ನು ತಿಳಿದವರಿಗೆ ತೋರಿಸಿ, ಪುಡಿಹಾಲಿನ ಡಬ್ಬ ಆಮೇಲೆ. ವರ್ಷಕ್ಕೆ ಹುಟ್ಟಿದ ತೂಕದ ಮೂರರಷ್ಟು ಆದ ಮಗು ಎರಡನೇ ವರ್ಷ ಪೂರ್ತಿ ಸೇರಿಸಿಕೊಳ್ಳೋದು ಸುಮಾರು ಎರಡೂವರೆ ಕೆಜಿ ಮಾತ್ರ. ನಡೆಯೋಕೆ ಶುರುವಾಗುತ್ತೆ, ಕೆನ್ನೆ ಇಳಿಯುತ್ತೆ, ಅಜ್ಜಿ "ಮಗು ಬಾಡಿಹೋಯ್ತು" ಅಂತಾರೆ, ಟಾನಿಕ್ ಬಾಟಲಿ ಮನೆಗೆ ಬರುತ್ತೆ.

ತೂಕದ ಪಂದ್ಯದಲ್ಲಿ ಸೋತವರು ಮಾಡುವ ಮೊದಲ ಕೆಲಸ ನಾಲ್ಕನೇ ತಿಂಗಳಿಗೇ ರಾಗಿ ಸರಿ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆರರ ಮೇಲೆ ಸರಿ ಕೊಡಿ, ಚೆನ್ನಾಗಿ ಕೊಡಿ. ಅಲ್ಲೂ ತಪ್ಪು ನಡೆಯೋದು ಎಲ್ಲಿ ಗೊತ್ತಾ? ಒಂದು ಚಮಚ ಹಿಟ್ಟಿಗೆ ಎರಡು ಲೋಟ ನೀರು. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು, ಅದನ್ನು ನೀರಲ್ಲಿ ತುಂಬಿದರೆ ತೂಕ ಎಲ್ಲಿಂದ ಬರಬೇಕು? ಒಂದು ಸಣ್ಣ ಲೋಟ ನೀರಿಗೆ ತುಂಬು ಎರಡು ಚಮಚ ಹುರಿದ ರಾಗಿ ಹಿಟ್ಟು. ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೂ ತಿರುವುತ್ತಾ ಬೇಯಿಸಿ. ಇಳಿಸಿದ ಮೇಲೆ ಒಂದು ಟೀಚಮಚ ತುಪ್ಪ. ಚಮಚ ಓರೆ ಮಾಡಿದರೆ ಸರಿ ನಿಧಾನಕ್ಕೆ ಜಾರಬೇಕು, ಸುರಿಯಬಾರದು. ಆರಿದಾಗ ಗಟ್ಟಿಯಾಗುತ್ತೆ, ಆಗ ಎಲ್ಲರೂ ಬಿಸಿನೀರು ಬೆರೆಸಿ ತೆಳ್ಳಗೆ ಮಾಡ್ತಾರೆ, ಅಲ್ಲಿಗೆ ಮತ್ತೆ ಗಂಜಿನೀರೇ. ನೀರಿನ ಬದಲು ಎದೆಹಾಲು ಹಿಂಡಿ ಸಡಿಲ ಮಾಡಿ. ಇನ್ನೂ ಒಳ್ಳೇದು ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ಹಿಟ್ಟು. ಮೊಳಕೆ ಬಂದ ಧಾನ್ಯದ ಪಿಷ್ಟ ಒಡೆದಿರುವುದರಿಂದ ಮೂರು ಚಮಚ ಹಾಕಿದರೂ ಅಂಟಂಟಾಗಲ್ಲ. ವರ್ಷ ತುಂಬುವವರೆಗೂ ಸಕ್ಕರೆ, ಉಪ್ಪು ಬೇಡ. ಆರೇಳು ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ದಾಟಿದ ಮೇಲೆ ಮೂರು ನಾಲ್ಕು ಸಲ, ಜೊತೆಗೆ ಹಿಸುಕಿದ ಅನ್ನ-ಬೇಳೆ, ಮೊಟ್ಟೆ, ಸೊಪ್ಪು. ಬರೀ ಸರಿಯಲ್ಲೇ ಎರಡು ವರ್ಷ ತಳ್ಳಿದರೆ ಅಗಿಯೋದೂ ಬರಲ್ಲ, ಮೈಯಲ್ಲಿ ರಕ್ತವೂ ಇರಲ್ಲ.

ಈಗ ಯಾರೂ ಕೇಳದ ವಿಷಯ. ಕಿವಿ.

"ಬಾಗಿಲು ಬಡಿದ್ರೆ ಬೆಚ್ಚಿಬೀಳ್ತಾನೆ, ಕಿವಿ ಚೆನ್ನಾಗಿ ಕೇಳುತ್ತೆ." ಈ ಮಾತಿನಿಂದ ವರ್ಷಗಟ್ಟಲೆ ಕಳೆದುಕೊಂಡ ಮಕ್ಕಳಿದ್ದಾರೆ. ಬಾಗಿಲು, ತಟ್ಟೆ, ಪಟಾಕಿ ಎಲ್ಲ ದೊಡ್ಡ ಸದ್ದು, ಅರ್ಧ ಕಿವಿ ಕೇಳುವ ಮಗುವಿಗೂ ಅವು ಕೇಳುತ್ತವೆ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೆ ಗಾಳಿ ತಾಕಿಯೋ ನೆರಳು ಕಂಡೋ ತಿರುಗಿರಬಹುದು. ಮಾತು ಕಲಿಯೋಕೆ ಬೇಕಾದ 'ಸ', 'ಶ'ಗಳ ತೆಳು ಸದ್ದು ಕೇಳದೆ ಹೋಗಿರುತ್ತೆ. ಇನ್ನೂ ಮೋಸದ ವಿಷಯ ಅಂದರೆ ಕಿವುಡು ಮಕ್ಕಳೂ ಮೊದಲ ತಿಂಗಳುಗಳಲ್ಲಿ ಎಲ್ಲರಂತೆ 'ಆ, ಊ' ಅಂತ ಸದ್ದು ಮಾಡ್ತವೆ, ಆಮೇಲೆ ನಿಧಾನಕ್ಕೆ ಮೌನವಾಗ್ತವೆ. ಮನೆಯವರು "ಪಾಪ, ಜಾಣ, ಗಲಾಟೆಯೇ ಇಲ್ಲ" ಅಂತ ಹೊಗಳ್ತಾರೆ.

ಹುಟ್ಟಿದ ತಿಂಗಳೊಳಗೆ ಓಎಇ ಅನ್ನೋ ಕಿವಿ ಪರೀಕ್ಷೆ ಮಾಡಿಸಿ. ನಿದ್ದೆ ಮಾಡುವ ಕೂಸಿನ ಕಿವಿಗೆ ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಯುತ್ತೆ, ನೋವಿಲ್ಲ. ಹುಟ್ಟಿದ ಮರುದಿನವೇ ಮಾಡಿದರೆ ಕಿವಿಯೊಳಗಿನ ನೀರು, ಕೊಳೆಯಿಂದ ಫೇಲ್ ಬರಬಹುದು, ಗಾಬರಿ ಬೇಡ, ಮತ್ತೆ ಮಾಡಿಸಿ. ಎರಡನೇ ಸಲವೂ ಹಾಗೇ ಬಂದರೆ ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡುವ ಬೆರಾ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಉತ್ತರ, ತೊಂದರೆ ಇದ್ದರೆ ಆರು ತಿಂಗಳೊಳಗೆ ಶ್ರವಣಸಾಧನ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬೇರೆ ರಾಜ್ಯದವರು ಮಕ್ಕಳನ್ನು ಎತ್ತಿಕೊಂಡು ಅಲ್ಲಿಗೆ ಬರ್ತಾರೆ. ನಾವು ಪಕ್ಕದಲ್ಲೇ ಇದ್ದು ಹಲ್ಲು ಎಣಿಸ್ತಾ ಕೂತಿದ್ದೀವಿ.

ಕಿವಿ ಸರಿ ಇದ್ದರೂ ನೋಡಬೇಕಾದದ್ದು ಇದೆ. ಮೂರು ತಿಂಗಳ ಹೊತ್ತಿಗೆ ನಿಮ್ಮ ಮುಖ ನೋಡಿ ನಗಬೇಕು. ಒಂಬತ್ತರ ಸುಮಾರಿಗೆ ಹೆಸರು ಕರೆದರೆ ತಿರುಗಬೇಕು, ಕೈಯಲ್ಲಿ ಗಿಲಕಿ ಅಲ್ಲಾಡಿಸದೆ, ಬರೀ ಹೆಸರಿಗೆ. ವರ್ಷಕ್ಕೆ ಟಾಟಾ ಮಾಡಬೇಕು. ಬೇಕಾದದ್ದಕ್ಕೆ ಬೆರಳು ತೋರಿಸೋದು ಒಂದು ಹಂತ. ಒಂದೂವರೆ ವರ್ಷದ ಹೊತ್ತಿಗೆ, ಏನೂ ಬೇಕಿಲ್ಲದೆ, "ಅಲ್ನೋಡು ಹಸು" ಅನ್ನೋ ಹಾಗೆ ಬೆರಳು ತೋರಿಸಿ ನಿಮ್ಮ ಮುಖ ನೋಡೋದು ಇನ್ನೂ ದೊಡ್ಡ ಹಂತ. ನಿಮ್ಮ ಕೈ ಹಿಡಿದು ಎಳೆದೊಯ್ದು ಡಬ್ಬದ ಮೇಲೆ ಇಡೋದು ಬೆರಳು ತೋರಿಸಿದ ಹಾಗಲ್ಲ. 16 ತಿಂಗಳಿಗೆ ಒಂದೂ ಪದವಿಲ್ಲ, ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಬೇಕು" ಅಂತ ಸ್ವಂತ ಎರಡು ಪದ ಜೋಡಿಸಲ್ಲ ಅಂದರೆ ತೋರಿಸಿ. ಮೊಬೈಲ್ ನೋಡಿ ಎ ಬಿ ಸಿ ಡಿ ಒಪ್ಪಿಸಿದ್ದು ಲೆಕ್ಕಕ್ಕಿಲ್ಲ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡರ ಪದಗಳನ್ನೂ ಕೂಡಿ ಎಣಿಸಿ. ಬೆಂಗಳೂರಿನ ಎಷ್ಟು ಮನೆಗಳಲ್ಲಿ "ಕನ್ನಡ ಬಿಡಿ, ಮಗು ಕನ್‌ಫ್ಯೂಸ್ ಆಗ್ತಿದೆ" ಅಂತ ಉಪದೇಶ ಕೊಡ್ತಾರೋ! ಎರಡು ಭಾಷೆಯಿಂದ ಮಾತು ತಡವಾಗಲ್ಲ.

ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನು ಮರೆತಂತಿದ್ದರೆ, ಕಾಲು ಕತ್ತರಿಯಂತೆ ಬಿಗಿಯಾಗಿದ್ದರೆ, ಬರುತ್ತಿದ್ದ ನಗು, ಮಾತು, ನೋಟ ಯಾವುದೇ ವಯಸ್ಸಿನಲ್ಲಿ ನಿಂತುಹೋದರೆ ಒಂದು ವಾರವೂ ಕಾಯಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಇಂಥ ತೊಂದರೆಗೆ ಬೇಗ ನೆರವಾಗುವ ಡಿಇಐಸಿ ಕೇಂದ್ರ ಎಲ್ಲಿದೆ ಕೇಳಿ. 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಯೋಜನೆಯಲ್ಲಿ ಬಂದದ್ದು ಅದು, ದುಡ್ಡು ಕೊಡಬೇಕಿಲ್ಲ.

"ಹೋಲಿಸದೆ ಇದ್ರೆ ತೊಂದರೆ ಗೊತ್ತಾಗೋದು ಹೇಗೆ? ನಮ್ಮಜ್ಜಿ ಹೋಲಿಸಿಯೇ ಕಂಡುಹಿಡೀತಿದ್ರು" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಎಂಟು ಹೆತ್ತು, ಹದಿನೆಂಟು ಬಾಣಂತನ ಮಾಡಿ, ಕಾಲ ಮೇಲೆ ಮಲಗಿಸಿ ನೂರು ಕೂಸಿಗೆ ಎಣ್ಣೆ ನೀರು ಎರೆದ ಅಜ್ಜಿ "ಈ ಮಗು ಯಾಕೋ ಬಿಗಿ" ಅಂದರೆ ನಾನೇ ಮೊದಲು ಓಡ್ತೀನಿ. ಆದರೆ ಇವತ್ತು ಮಾತಾಡುವ ಮಹನೀಯರು ನೋಡಿರೋದು ಎರಡು ಕೂಸು, ಅದರಲ್ಲಿ ಒಂದು ವಾಟ್ಸ್‌ಆ್ಯಪ್ ವಿಡಿಯೋದಲ್ಲಿ. ಮಗು ಬೋರಲು ಬಿದ್ದರೆ ಒಂದು ಸಿಹಿ, ಹೊಸಿಲು ದಾಟಿದರೆ ಒಂದು ಸಿಹಿ ಅಂತ ಮಾಡುತ್ತಿದ್ದ ಮನೆಗಳಲ್ಲಿ ಸಿಹಿಗೆ ತಾರೀಖು ಇರಲಿಲ್ಲ, ಮಗು ದಾಟಿದ ದಿನವೇ ಹಬ್ಬ. ಇನ್ನು ಇದೇ ಹೋಲಿಕೆ ತಿರುವುಮುರುವಾದಾಗ ಇನ್ನೂ ಅಪಾಯ. ಎರಡೂವರೆ ವರ್ಷವಾದರೂ ಮಾತಿಲ್ಲದ ಮಗುವಿಗೆ "ಇವರಪ್ಪನೂ ಮೂರಕ್ಕೇ ಮಾತಾಡಿದ್ದು, ಬರುತ್ತೆ ಬಿಡಿ." ನಡಿಗೆಗೆ ಗಾಬರಿ ಹುಟ್ಟಿಸಿದ ಬಾಯೇ ಮಾತಿಗೆ ಸಮಾಧಾನ ಹೇಳುತ್ತೆ.

ಬರೀ ಸಮಾಧಾನ ಹೇಳಿದ್ದರೂ ಸಹಿಸಬಹುದಿತ್ತು. ಮಾತಿಗೆ ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಜೇನುತುಪ್ಪ ನೆಕ್ಕಿಸಿ ಅಂತಾರೆ. ವರ್ಷದೊಳಗಿನ ಮಗುವಿಗೆ ಜೇನು ಒಂದು ಹನಿಯೂ ಕೂಡದು, ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳು ಎಳೆಯ ಕರುಳಲ್ಲಿ ಬೆಳೆದು ವಿಷ ಮಾಡ್ತವೆ, ಮಗು ಬತ್ತಿ ಹೋದಂತೆ ಸೋತುಬೀಳುತ್ತೆ.

ನಡಿಗೆಗೆ ವಾಕರ್. ಆ ಪಂಕ್ತಿಯ ಕೊನೆಯ ಸಲಹೆಯೂ ಅದೇ ಆಗಿತ್ತು: "ನಮ್ದೇ ಇದೆ, ಕೊಡ್ತೀನಿ ತಗೊಂಡ್ಹೋಗಿ." ವಾಕರಿನಲ್ಲಿ ಮಗು ತುದಿಗಾಲಲ್ಲಿ ತಳ್ಳುತ್ತೆ, ತನ್ನ ಪಾದ ತನಗೇ ಕಾಣಲ್ಲ, ಬೀಳದಂತೆ ಮೈ ಹಿಡಿಯೋದನ್ನು ಕಲಿಯಬೇಕಾಗೇ ಇಲ್ಲ. ನಡಿಗೆ ಬೇಗ ಬರಲ್ಲ, ತಡವಾಗುತ್ತೆ. ಒಂದು ಸೆಕೆಂಡಿನಲ್ಲಿ ಮೂರಡಿಗೂ ಹೆಚ್ಚು ಓಡುತ್ತೆ, ಮೆಟ್ಟಿಲೋ, ಬಿಸಿ ಸಾರಿನ ಪಾತ್ರೆಯೋ ಸಿಗೋವರೆಗೂ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿತು, ಹಳೆಯದನ್ನು ಮಾರುವುದನ್ನೂ ಸೇರಿಸಿ. ಅಟ್ಟದ ಮೇಲೆ ಇದ್ದರೆ ಯಾರಿಗೂ ದಾನ ಮಾಡಬೇಡಿ ಮಾರಾಯ್ರೆ. ಚಕ್ರ ಕಿತ್ತು, ಚೌಕಟ್ಟು ಮುರಿದು ಗುಜರಿಯವನಿಗೆ ಹಾಕಿ. ಇಡೀ ವಾಕರ್ ಹಾಕಿದರೆ ಅವನೂ ಇನ್ನೊಂದು ಮನೆಗೆ ಮಾರ್ತಾನೆ.